ಶೇರುಗಾರ ಗೆರೆಯ ಈಚೆಯಿಂದ

ಕಡವಿನಬಾಗಿಲು ತೇಲುದಕ್ಕೆ,
ಇಸವಿ 2187, ನೆರೆತಿಂಗಳು, ಮೂರನೇ ತಾರೀಕು

ಐಸು ಕಾರ್ಖಾನೆಯ ವಾಸುದೇವ ಶೇರುಗಾರರಿಗೆ ಗಿರ್ಜು ಮರಕಾಲ್ತಿಯ ನಮಸ್ಕಾರ.

ನನ್ನನ್ನು ಕೂರಿಸಿ ಬರೆಸುತ್ತಿದ್ದಾರೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಯಾರೂ ಬಿಡಿಸಿದ್ದಲ್ಲ, ಒಂದೇ ಕಡೆ ಕೂರುವುದು ನನ್ನಿಂದ ಆಗಲಿಲ್ಲ. ಈಗ ಮುದುಕಿಯಾದ ಮೇಲೆ ಪೆನ್ನು ಹಿಡಿ ಎನ್ನುತ್ತಾರೆ. ಬಾಯಲ್ಲಿ ಹೇಳಿದ್ದನ್ನು ತಾನೇ ಬರೆದುಕೊಳ್ಳುವ ಯಂತ್ರ ನಮ್ಮಲ್ಲಿ ಪ್ರತಿ ಅಡುಗೆಮನೆಯಲ್ಲೂ ಇದೆ. ಆದರೆ ಹಿಂದಂಚೆಗೆ ಕೈಬರಹವೇ ಆಗಬೇಕಂತೆ. ಹಿಂದಂಚೆ ಎಂದರೆ ಹಿಂದಿನ ಕಾಲಕ್ಕೆ ಕಾಗದ ಹಾಕುವ ಕಚೇರಿ. ಅದು ಹೇಗೆ ಹೋಗುತ್ತದೆ ಎಂದು ನನ್ನನ್ನು ಕೇಳಬೇಡಿ, ಅಂಚೆಯವನಿಗೂ ಗೊತ್ತಿಲ್ಲ. ನಮ್ಮ ನ್ಯಾಯಾಲಯದಲ್ಲಿ ಒಂದು ಕಟ್ಟಳೆ ಇದೆ. ಹಳೆಯ ಕಾಲದ ಯಾರದೋ ಹಟದಿಂದ ಒಬ್ಬರು ಗೆದ್ದರೆ, ಆ ಹಟದ ಮನುಷ್ಯನಿಗೆ ಗೆದ್ದವರೇ ಕೈಯಾರೆ ಉಪಕಾರದ ಕಾಗದ ಬರೆಯಬೇಕು. ನಾನು ಗೆದ್ದೆ. ಗೆದ್ದದ್ದು ನಿಮ್ಮಿಂದ. ಅದಕ್ಕೆ ಈ ಶಿಕ್ಷೆ.

ತಾರೀಕು ನೋಡಿ ಗಾಬರಿಯಾಗಬೇಡಿ. ಜುಲೈ ಮತ್ತು ಆಗಸ್ಟ್ ನಡುವೆ ನಮಗೆ ಒಂದು ತಿಂಗಳು ಹೆಚ್ಚಿಗೆ ಇದೆ. ಏರಿದ ಕಡಲು ದೋಣಿಗಳನ್ನು ದಕ್ಕೆಗೆ ಮುಟ್ಟಗೊಡದ ತಿಂಗಳು ಅದು. ಆ ತಿಂಗಳು ಯಾರೂ ಬಾಡಿಗೆ ಕೇಳುವಂತಿಲ್ಲ, ಶಾಲೆಯಲ್ಲಿ ಪರೀಕ್ಷೆ ಇಡುವಂತಿಲ್ಲ. ನಿಮ್ಮ ಪಂಚಾಂಗದಲ್ಲಿ ಅದಕ್ಕೆ ಜಾಗವಿಲ್ಲ ಎಂದು ಗೊತ್ತು. ನನ್ನ ಮಾತುಗಳಲ್ಲೂ ಕೆಲವಕ್ಕೆ ನಿಮ್ಮ ಕಾಲದಲ್ಲಿ ಜಾಗವಿರಲಿಕ್ಕಿಲ್ಲ. ಕ್ಷಮಿಸಿ. ತಪ್ಪು ನನ್ನೊಬ್ಬಳದಲ್ಲ, ನಡುವೆ ಹೋದ ವರ್ಷಗಳದ್ದೂ ಹೌದು.

ನಿಮ್ಮ ಐಸು ಕಾರ್ಖಾನೆ ಈಗ ನೀರಿನಡಿ ಇದೆ. ಬೇಸರಪಡಬೇಡಿ, ಹೆದ್ದಾರಿಯೂ ನೀರಿನಡಿಯೇ ಇದೆ. ದೊಡ್ಡ ಇಳಿತದ ದಿನ ಕಾರ್ಖಾನೆಯ ಹೊಸ್ತಿಲುಗಲ್ಲು ಮಾತ್ರ ಮೇಲೆ ಕಾಣುತ್ತದೆ, ಅದರ ಮೇಲೆ ಕೊಕ್ಕರೆ ಕೂರುತ್ತದೆ. ದಕ್ಕೆಯನ್ನು ನಾವು ತೇಲಿಸಿಕೊಂಡಿದ್ದೇವೆ. ನೀರು ಏರಿದರೆ ಅದೂ ಏರುತ್ತದೆ, ಇಳಿದರೆ ಇಳಿಯುತ್ತದೆ. ಹೊಸ ಸೊಸೆಯಂದಿರಿಗೆ ಮೊದಲ ತಿಂಗಳು ಅದರ ಮೇಲೆ ನಿಂತರೆ ವಾಂತಿ. ಬಲೆ ಬೀಸಿ ಹಿಡಿಯುವಷ್ಟು ಮೀನು ಈಗ ಇಲ್ಲ. ತೆಪ್ಪದಿಂದ ಹಗ್ಗ ಇಳಿಬಿಟ್ಟು ಪಚ್ಚಿಲೆ ಬೆಳೆಸುತ್ತೇವೆ. ನಿಮ್ಮ ಕಾಲದಲ್ಲಿ ಬಂಡೆಯಿಂದ ಕಿತ್ತು ತಿನ್ನುತ್ತಿದ್ದಿರಲ್ಲ, ಅದೇ ಚಿಪ್ಪು. ತೆಪ್ಪದ ಧಣಿಗಳು ಬೆಳಿಗ್ಗೆ ಬುಟ್ಟಿ ತಂದು ಇಳಿಸುತ್ತಾರೆ, ಏಲಂ ಕೂಗುವವನು ಕೂಗುತ್ತಾನೆ, ನಾವು ಹೆಂಗಸರು ಸವಾಲು ಹಾಕಿ ಹಿಡಿಯುತ್ತೇವೆ, ತಲೆ ಮೇಲೆ ಹೊತ್ತು ಗುಡ್ಡದ ಮೇಲಿನ ಕೇರಿಗಳಿಗೆ ಮಾರಲು ಹೋಗುತ್ತೇವೆ. ಹೊರುವ ಯಂತ್ರ ಬಂದು ಹೋಯಿತು. ಅದಕ್ಕೆ ಹೊಸ್ತಿಲಲ್ಲಿ ನಿಂತು ಚೌಕಾಸಿ ಮಾಡಲು ಬರಲಿಲ್ಲ, ಯಾರೂ ಕೊಳ್ಳಲಿಲ್ಲ.

ಇನ್ನೆರಡು ಸಂಗತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಒಂದು, ಕಿವಿಮಣಿ. ಎಲ್ಲರೂ ಕಿವಿಯಲ್ಲಿ ಹಾಕಿಕೊಳ್ಳುವ ಸಣ್ಣ ಮಣಿ ಅದು. ಹಾಕಿಕೊಂಡವರು ಕೇಳಿದ್ದನ್ನೆಲ್ಲ ಅದು ಇಟ್ಟುಕೊಳ್ಳುತ್ತದೆ. ಅಂಗಡಿ, ಆಸ್ಪತ್ರೆ, ದೋಣಿ ಎಲ್ಲದಕ್ಕೂ ಅದು ಬೇಕು, ತೆಗೆದಿಟ್ಟು ಬದುಕಲಾಗುವುದಿಲ್ಲ. ನನ್ನ ಮಣಿಯಲ್ಲಿ ಸತ್ತುಹೋದ ನನ್ನ ಗಂಡ ಗೊರಕೆ ಹೊಡೆಯುವುದೂ ಇದೆ. ಇನ್ನೊಂದು, ಬಾಯಿಕಟ್ಟು. ಇದು ಹೆಂಗಸರದ್ದು, ಬರೆದಿಟ್ಟದ್ದಲ್ಲ. ನಮ್ಮಲ್ಲಿ ಯಾರಿಗಾದರೂ ಮನೆಯಲ್ಲಿ ಕಷ್ಟ ಬಂದರೆ ಅವಳು ತಲೆಯ ಮೇಲಿಡುವ ಸಿಂಬೆಯನ್ನು ಆ ದಿನ ಮುಂಗೈಗೆ ಹಾಕಿಕೊಂಡು ಏಲಮ್ಮಿಗೆ ಬರುತ್ತಾಳೆ. ಅದನ್ನು ಕಂಡರೆ ಉಳಿದವರು ಅವಳು ಕೇಳಿದ ಬುಟ್ಟಿಗೆ ಸವಾಲು ಹಾಕುವುದಿಲ್ಲ, ಬಾಯಿ ಕಟ್ಟಿಕೊಳ್ಳುತ್ತಾರೆ. ಅವಳಿಗೆ ಬುಟ್ಟಿ ಅಗ್ಗಕ್ಕೆ ಸಿಗುತ್ತದೆ. ಏನು ಕಷ್ಟ ಎಂದು ಯಾರೂ ಕೇಳಬಾರದು, ಅವಳು ಹೇಳಬೇಕಾಗಿಲ್ಲ. ಆ ಕೇಳದಿರುವುದೇ ದೊಡ್ಡದು. ಕೊಡುವವರು ಬಹಳ ಜನ ಸಿಗುತ್ತಾರೆ, ಕೇಳದೆ ಕೊಡುವವರು ಸಿಗುವುದಿಲ್ಲ.

ಇದರಿಂದ ತೆಪ್ಪದ ಧಣಿಗೆ ನಷ್ಟವಾಗುತ್ತದೆ, ಇಲ್ಲ ಎನ್ನುವುದಿಲ್ಲ. ಆದರೂ ಅವರ ಅಜ್ಜಿಯಂದಿರೂ ಬುಟ್ಟಿ ಹೊತ್ತವರೇ, ಹಾಗಾಗಿ ಕಂಡೂ ಕಾಣದ ಹಾಗೆ ಇದ್ದರು.

ಹೋದ ವರ್ಷ ನನ್ನ ಗೆಳತಿ ಪದ್ದು ಸಿಂಬೆ ಮುಂಗೈಗೆ ಹಾಕಿಕೊಂಡು ಬಂದಳು. ಮರುದಿನವೂ ಬಂದಳು, ಆಮೇಲೂ ಬಂದಳು. ಯಾರೂ ಕೇಳಲಿಲ್ಲ. ಒಂದು ದಿನ ದೋಣಿಯಲ್ಲಿ ನಾವಿಬ್ಬರೇ ಇದ್ದಾಗ ಅವಳೇ ಹೇಳಿಬಿಟ್ಟಳು. ಅವಳ ಮನೆಯ ಅಟ್ಟದಲ್ಲಿ ಒಂದು ಹುಡುಗಿ ಇದ್ದಾಳೆ, ಹೊಟ್ಟೆಯಲ್ಲಿ ಮಗು ಬೇರೆ. ಗಂಡನ ಮನೆಯಿಂದ ಓಡಿ ಬಂದವಳು. ಬೆನ್ನು ನೋಡಿದರೆ ಯಾಕೆ ಓಡಿ ಬಂದಳು ಎಂದು ಕೇಳಬೇಕಾಗಿಲ್ಲ. ಹೆಸರು ನಿಮಗೂ ಹೇಳುವುದಿಲ್ಲ. ಹಿಂದಂಚೆಗೆ ಹಾಕಿದ್ದನ್ನು ಇಲ್ಲಿ ಯಾರೂ ಬಿಚ್ಚಿ ನೋಡುವಂತಿಲ್ಲ, ಆ ಧೈರ್ಯದಿಂದ ಇಷ್ಟು ಬರೆದೆ. ನೀವೂ ಯಾರಿಗೂ ಹೇಳಬೇಡಿ, ಈ ಊರಲ್ಲಿ ಮಾತು ತಲೆಮಾರು ದಾಟುತ್ತದೆ.

ಆ ಹುಡುಗಿಯ ಭಾವ ಭುಜಂಗ. ನಮ್ಮ ದಕ್ಕೆಯಲ್ಲೇ ಎಲ್ಲರಿಗಿಂತ ಹೆಚ್ಚು ತೆಪ್ಪ ಇರುವವನು. ತಮ್ಮನ ಹೆಂಡತಿಯನ್ನು ಹುಡುಕಿ ಹುಡುಕಿ ಸೋತಿದ್ದ. ದಕ್ಕೆಯ ಹೆಂಗಸರಲ್ಲಿ ಯಾರಿಗೋ ಗೊತ್ತಿದೆ ಎಂಬ ವಾಸನೆ ಹತ್ತಿತು. ಕೇಳಿದರೆ ನಾವು ಹೇಳುತ್ತೇವೆಯೇ? ಅದಕ್ಕೆ ಬೇರೆ ದಾರಿ ಹಿಡಿದ. ಹೆಂಗಸರೆಲ್ಲ ಸೇರಿ ಏಲಮ್ಮಿನಲ್ಲಿ ದರ ಬೀಳಿಸುತ್ತಾರೆ ಎಂದು ಪೈಪೋಟಿ ಕಾವಲಿಗೆ ದೂರು ಕೊಟ್ಟ.

ವ್ಯಾಪಾರದಲ್ಲಿ ಒಳಒಪ್ಪಂದ ಮಾಡಿಕೊಂಡು ದರ ಏರಿಸುವುದು ಇಳಿಸುವುದು ಮಾಡಿದರೆ ಹಿಡಿಯುವ ಕಚೇರಿ ಅದು. ನಿಮ್ಮ ಕಾಲದಲ್ಲಿ ಬೇರೆ ಹೆಸರಿತ್ತು, ಕೆಲಸ ಅದೇ. ಅವರ ಮೇಲೆ ನನಗೆ ಸಿಟ್ಟಿದೆ, ಆದರೆ ಸುಳ್ಳು ಹೇಳುವುದಿಲ್ಲ. ನನ್ನ ಅಮ್ಮನ ಕಾಲದಲ್ಲಿ ತಂಪುಕೋಟೆ ಎಂಬ ಒಂದು ಕಂಪನಿ ಇತ್ತು. ಐಸು ಅವರದ್ದು, ತೆಪ್ಪ ಅವರದ್ದು, ದೋಣಿ ಅವರದ್ದು, ಏಲಂ ಕೂಗುವವನೂ ಅವರ ಅಳಿಯ. ಕಾವಲಿನವರು ಅವರ ಕಾಗದಪತ್ರ ಎಳೆದು ಹಾಕಿ ಕಂಪನಿಯನ್ನು ಒಡೆದು ತುಂಡು ಮಾಡಿದ ಮೇಲೆ ನನ್ನ ಅಮ್ಮ ಮೊದಲ ಸಲ ತನ್ನ ಬುಟ್ಟಿಗೆ ತಾನೇ ದರ ಹೇಳಿದ್ದು. ಕೇಳುವ ಅಧಿಕಾರ ಅವರಿಗೆ ಇಲ್ಲದಿದ್ದರೆ ನಾನು ಇವತ್ತು ಭುಜಂಗನ ಕೂಲಿಯವಳು. ಅವರು ಕೇಳಲಿ. ಆದರೆ ಏನನ್ನು ಕೇಳಬೇಕು, ಎಲ್ಲಿ ನಿಲ್ಲಬೇಕು?

ನಮಗೆ ಬಂದ ನೋಟಿಸಿನಲ್ಲಿ ನಿಲ್ಲುವ ಜಾಗವೇ ಇರಲಿಲ್ಲ. ದಕ್ಕೆಯ ಎಲ್ಲ ಹೆಂಗಸರ ಕಿವಿಮಣಿ ಒಪ್ಪಿಸಬೇಕು, ಎಲ್ಲ ವರ್ಷದ್ದು, ಎಲ್ಲ ಮಾತು. ಯಾವ ತಪ್ಪಿನ ತನಿಖೆ ಎಂದು ಒಂದು ಸಾಲೂ ಇಲ್ಲ. ಹಿಂದಿನವರು ರಂಪಣಿ ಬಲೆ ಎಳೆದರೆ ಮೀನಿನ ಜೊತೆ ಹಾವು, ಪಾಚಿ, ಯಾರದೋ ಚಪ್ಪಲಿ ಎಲ್ಲ ದಡಕ್ಕೆ ಬರುತ್ತಿತ್ತಂತೆ, ಹಾಗೆ. ಅದಕ್ಕಿಂತ ಕೆಟ್ಟದ್ದು, ದೂರು ಕೊಟ್ಟವನಿಗೆ ಕಡತ ನೋಡುವ ಹಕ್ಕು ಇದೆ. ನನ್ನ ಮಣಿಯಲ್ಲಿ ಪದ್ದು ದೋಣಿಯಲ್ಲಿ ಹೇಳಿದ್ದು ಪೂರ್ತಿ ಇದೆ. ಮಣಿ ಕಚೇರಿಗೆ ಹೋದರೆ ಭುಜಂಗ ಕಡತ ತೆರೆಸುತ್ತಾನೆ, ಆಮೇಲೆ ಅಟ್ಟದ ಏಣಿ ಹತ್ತುತ್ತಾನೆ.

ನೋಟಿಸು ತಂದವಳು ಹೊನ್ನಳ್ಳಿ ಮೇಡಂ, ಹುಬ್ಬಳ್ಳಿ ಕಡೆಯವಳು. ಎತ್ತರದ ಹೆಂಗಸು, ತೇಲುದಕ್ಕೆಯ ಮೇಲೆ ಕಂಬ ಹಿಡಿದುಕೊಂಡೇ ಮಾತಾಡಿದಳು.

"ಯಾವ ತಪ್ಪಿಗೆ ಅಂತ ಹೇಳಿ, ಮತ್ತೆ ಕೊಡುದಾ ಬಿಡುದಾ ಕಾಂಬ" ಎಂದೆ.

"ಅಜ್ಜೀ, ಯಾಕ ಅಂತ ಕೇಳೂದು ನಿಮ್ಮ ಕೆಲಸ ಅಲ್ರಿ. ಕೇಳಿದ್ದು ಕೊಡೂದು ನಿಮ್ಮ ಕೆಲಸ."

"ನನ್ ಕೆಲ್ಸ ಪಚ್ಚಿಲೆ ಮಾರುದ್. ನಿಂಗೆ ಬೇಕಾ? ಬುಟ್ಟಿ ಹಿಡ್ಕ, ಕಂಬ ಬಿಡ್."

ಅವಳಿಗೆ ನಗು ಬಂತು, ತಡೆದುಕೊಂಡಳು. ಆಗಲೇ ನನಗೆ ಅವಳು ಕೆಟ್ಟವಳಲ್ಲ ಎನಿಸಿತು. ಕೆಟ್ಟವಳಲ್ಲದವಳ ಕೈಯಲ್ಲೂ ಆ ನೋಟಿಸು ಕೆಟ್ಟದ್ದೇ.

ಮರುದಿನ ನಾವೊಂದು ಮಂಗಾಟ ಮಾಡಿಕೊಂಡೆವು. ಅದನ್ನೂ ಹೇಳಬೇಕು. ನೋಟಿಸಿನ ಸುದ್ದಿ ಕೇಳಿ ಪ್ರತಿಯೊಬ್ಬಳಿಗೂ ತನ್ನ ಮಣಿಯಲ್ಲಿರುವ ಯಾವುದೋ ಮಾತು ನೆನಪಾಗಿದೆ. ಯಾರ ಮನೆಯಲ್ಲಿ ಏನಿಲ್ಲ? ಯಾರೊಂದಿಗೂ ಯಾರೂ ಮಾತಾಡಿಕೊಳ್ಳದೆ, ಪ್ರತಿಯೊಬ್ಬಳೂ ಸಿಂಬೆಯನ್ನು ಮುಂಗೈಗೆ ಹಾಕಿಕೊಂಡು ಬಂದಿದ್ದಾಳೆ. ಏಲಂ ಕೂಗುವ ಶೀನ ಮೊದಲ ಬುಟ್ಟಿಗೆ ದರ ಕೂಗಿದ. ಎಲ್ಲರೂ ಎಲ್ಲರ ಕೈ ನೋಡಿದೆವು. ಎಲ್ಲರಿಗೂ ಕಷ್ಟ, ಹಾಗಾಗಿ ಎಲ್ಲರೂ ಎಲ್ಲರಿಗಾಗಿ ಬಾಯಿ ಕಟ್ಟಿಕೊಂಡೆವು. ಒಬ್ಬಳೂ ಸವಾಲು ಹಾಕಲಿಲ್ಲ.

"ಹ್ವಾಯ್, ಎಂತ ಆಯ್ತ್ ನಿಮ್ಗೆ? ಬಾಯಂಗೆ ಪಚ್ಚಿಲೆ ಸಿಕ್ಕಂಡಿತಾ?" ಎಂದು ಶೀನ ಕೂಗಿ ಕೂಗಿ ಗಂಟಲು ಹರಿದುಕೊಂಡ. ಬಿಸಿಲು ಏರಿತು. ಬುಟ್ಟಿಗಳು ನಾರಲು ಶುರುವಾದವು. ಕಂಬ ಹಿಡಿದು ನಿಂತಿದ್ದ ಹೊನ್ನಳ್ಳಿ ಮೇಡಂ ಎಲ್ಲವನ್ನೂ ತನ್ನ ಕಣ್ಣಿಂದಲೇ ನೋಡಿದಳು, ಮುಂಗೈಗಳನ್ನೂ ನೋಡಿದಳು. ಮಣಿ ಕೊಡುವುದಿಲ್ಲ ಎಂದು ಜಗಳವಾಡಿದವರು ನಾವೇ, ಸಾಕ್ಷಿಯನ್ನು ಏಲಂ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿ ತೋರಿಸಿದವರೂ ನಾವೇ.

ಆ ಸಂಜೆ ವಕೀಲೆ ಸೆಲಿನಳ ಹತ್ತಿರ ಹೋದೆವು. ಪದ್ದು ಅಳುತ್ತಿದ್ದಳು. ಸೆಲಿನ್ ನೋಟಿಸು ಓದಿ ಮೇಜಿನ ಮೇಲೆ ಎಸೆದು, "ಇದು ಶೇರುಗಾರ ಗೆರೆ ದಾಟಿದೆ, ಗಿರ್ಜಕ್ಕ" ಎಂದಳು.

ಆ ಮಾತು ನನಗೆ ಚಿಕ್ಕಂದಿನಿಂದ ಗೊತ್ತು. ನಮ್ಮಲ್ಲಿ ಮಕ್ಕಳು ಆಡುವಾಗ ಯಾರಾದರೂ ಅತಿಯಾಗಿ ಕೆದಕಿದರೆ "ಶೇರುಗಾರ ಗೆರೆ!" ಎಂದು ಕಿರುಚಿ ಕಾಲಿನಿಂದ ನೆಲದ ಮೇಲೆ ಗೀರು ಎಳೆಯುತ್ತಾರೆ. ಎಲ್ಲಿ ಹೋಗಿದ್ದೆ ಎಂದು ತಾಯಿ ಕೇಳಿದರೆ ಹದಿಹರೆಯದ ಹುಡುಗಿ ಅದನ್ನೇ ಹೇಳಿ ಬೆನ್ನಿಗೊಂದು ಗುದ್ದು ತಿನ್ನುತ್ತಾಳೆ. ಅದು ಆಟದ ಮಾತು ಎಂದುಕೊಂಡಿದ್ದೆ. ನಿಮ್ಮಂಥ ಒಬ್ಬ ಮನುಷ್ಯ ಇದ್ದ, ಹೊಟ್ಟೆಪಾಡಿಗೆ ಐಸು ಮಾರುತ್ತಿದ್ದ, ಅವನು ಕೋರ್ಟಿಗೆ ಹೋದ ಎಂದು ಸೆಲಿನ್ ಹೇಳಿದ ಮೇಲೇ ಗೊತ್ತಾದದ್ದು.

ಸೆಲಿನ್ ನಿಮ್ಮ ಕತೆ ಪೂರ್ತಿ ಹೇಳಿದಳು. ನೀವೂ ಉಳಿದ ಕಾರ್ಖಾನೆಯವರೂ ಸೇರಿ ಮೀನಿನ ಹಂಗಾಮಿನಲ್ಲಿ ಐಸಿನ ದರ ಏರಿಸಿದಿರಂತೆ. ಶೇರುಗಾರರೇ, ಅದರಲ್ಲಿ ನೀವು ಕಳ್ಳರೇ ಹೌದು. ಉಪಕಾರದ ಕಾಗದ ಎಂದು ಅದನ್ನು ಮುಚ್ಚಿಡುವುದಿಲ್ಲ. ನಿಮ್ಮ ಐಸಿಗೆ ದುಡ್ಡು ಸಾಲದೆ ಮೀನು ಕೊಳೆಸಿಕೊಂಡವರು ನಮ್ಮ ಹಿರಿಯರೇ ಆಗಿರಬೇಕು. ಆದರೆ ಕಚೇರಿಯವರು ನಿಮ್ಮ ಫೋನು, ನಿಮ್ಮ ಮನೆಯವರ ಫೋನು, ಎಲ್ಲ ಪೂರ್ತಿ ಒಪ್ಪಿಸಿ ಎಂದಾಗ ನೀವು ಐಸಿನ ಕಾಗದಗಳನ್ನೆಲ್ಲ ಕೊಟ್ಟು, ಉಳಿದದ್ದನ್ನು ಕೊಡುವುದಿಲ್ಲ ಎಂದು ನಿಂತಿರಿ. ಕೋರ್ಟಿನಲ್ಲಿ ನೀವು ಆಡಿದ ಮಾತನ್ನು ಕಾನೂನು ಓದುವ ಮಕ್ಕಳು ಈಗಲೂ ಬಾಯಿಪಾಠ ಮಾಡುತ್ತಾರೆ: "ಐಸಿನ್ ಬಗ್ಗೆ ಕೇಣಿ, ಕೊಡ್ತೆ. ನನ್ ಫೋನಂಗೆ ಊರೇ ಇತ್ತ್. ಊರ್ ಎಂತ ತಪ್ಪ್ ಮಾಡಿತ್ ಅಂದ್ ಮೊದ್ಲ್ ಹೇಳಿ." ಬೆಂಗಳೂರಿನ ಮಕ್ಕಳು ಅದನ್ನು ತಪ್ಪು ತಪ್ಪಾಗಿ ಉಚ್ಚರಿಸುತ್ತಾರಂತೆ.

ಅಲ್ಲಿಂದ ಗೆರೆ ಬಿತ್ತು. ಕೇಳುವವರು ಯಾವ ತಪ್ಪಿನ ಅನುಮಾನ ಎಂದು ಮೊದಲು ಹೇಳಬೇಕು. ಕೇಳಿದ್ದು ಆ ತಪ್ಪಿಗೆ ಸಂಬಂಧಪಟ್ಟದ್ದಾಗಿರಬೇಕು. ಅಲ್ಲ ಎನಿಸಿದರೆ ಕೊಡುವ ಮೊದಲೇ ನ್ಯಾಯಾಧೀಶರ ಮುಂದೆ ಹೋಗಿ ಕೇಳುವ ಹಕ್ಕು ಕೊಡುವವರಿಗೆ ಇರಬೇಕು, ಕೊಟ್ಟ ಮೇಲೆ ಅಲ್ಲ. ಓದಿದವರು ಇದನ್ನು ಉದ್ದವಾಗಿ ಹೇಳುತ್ತಾರೆ. ನನಗೆ ಅರ್ಥವಾದದ್ದು ಇಷ್ಟು, ನನಗೆ ಇಷ್ಟು ಸಾಕು.

ನಮ್ಮ ನ್ಯಾಯಾಧೀಶೆ ಚಿಕ್ಕ ವಯಸ್ಸಿನವಳು. ಏಲಂ ದರದ ದೂರಿಗೆ ಗೊರಕೆಯ ಸದ್ದು ಯಾಕೆ ಬೇಕು ಎಂದು ಕಾವಲಿನ ವಕೀಲನನ್ನು ಕೇಳಿದಳು. ಗೊರಕೆಯ ಮಾತು ನಾನು ಸೆಲಿನಳಿಗೆ ಹೇಳಿದ್ದೆ, ಅವಳು ಅರ್ಜಿಯಲ್ಲೇ ಹಾಕಿಬಿಟ್ಟಿದ್ದಳು, ಕೋರ್ಟೆಲ್ಲ ನಕ್ಕಿತು. ನಗು ನಿಂತ ಮೇಲೆ ನ್ಯಾಯಾಧೀಶೆ ಹೇಳಿದಳು: ಮಣಿಗಳನ್ನು ಕೇಳುವಂತಿಲ್ಲ, ಬೇಕಾದದ್ದನ್ನು ಹೆಸರಿಟ್ಟು ಕೇಳಿ. ಭುಜಂಗ ಎದ್ದು ಹೊರಟುಹೋದ. ಪದ್ದು ನನ್ನ ಕೈ ಹಿಡಿದುಕೊಂಡಿದ್ದಳು. ಹಿಡಿತ ಎಷ್ಟು ಬಿಗಿಯಿತ್ತೆಂದರೆ ಬಳೆಯ ಗುರುತು ಬಿದ್ದಿತ್ತು.

ಹುಡುಗಿಗೆ ಈಗ ಮಗುವಾಗಿದೆ. ಅಟ್ಟದಲ್ಲೇ ಆಯಿತು. ಮಗು ಅತ್ತರೆ ಪಕ್ಕದ ಮನೆಯವರು ತಮ್ಮ ಹಾಡಿನ ಪೆಟ್ಟಿಗೆ ಜೋರು ಮಾಡುತ್ತಾರೆ. ಅವರಿಗೂ ಯಾರೂ ಹೇಳಿಲ್ಲ, ಅವರೂ ಕೇಳಿಲ್ಲ. ನಾನು ಎತ್ತಿಕೊಂಡೆ. ಬಿಸಿಯಾಗಿತ್ತು, ಹಾಲಿನ ವಾಸನೆ ಬರುತ್ತಿತ್ತು, ನನ್ನ ಮೂಗುತಿ ಹಿಡಿದು ಎಳೆಯಿತು. ನನಗೆ ಸುಲಭಕ್ಕೆ ಕಣ್ಣೀರು ಬರುವುದಿಲ್ಲ. ಆ ದಿನ ನಿಮ್ಮ ನೆನಪಾಯಿತು ಶೇರುಗಾರರೇ. ನಿಮ್ಮ ಫೋನಿನೊಳಗೆ ಏನಿತ್ತೋ ನನಗೆ ಗೊತ್ತಿಲ್ಲ, ಕೇಳುವುದೂ ಇಲ್ಲ. ಯಾರದೋ ಒಂದು ಮಾತನ್ನು ಕಾಪಾಡಲು ನೀವು ಹಟ ಹಿಡಿದಿರಬೇಕು. ಅದೇ ಹಟ ನೀರಿನಡಿ ಇಷ್ಟು ವರ್ಷ ಉಳಿದು ಬಂದು ಈ ಮಗುವಿನ ಅಟ್ಟದ ಬಾಗಿಲು ಹಾಕಿತು. ನಿಮ್ಮ ಉಪಕಾರ ದೊಡ್ಡದು. ನ್ಯಾಯಾಧೀಶೆ ಹೇಳದಿದ್ದರೂ, ಪೆನ್ನು ಹಿಡಿಯದಿದ್ದರೂ, ಬಾಯಲ್ಲಾದರೂ ಇದನ್ನು ಎಲ್ಲಿಯಾದರೂ ಹೇಳುತ್ತಿದ್ದೆ. ಕಡಲಿಗಾದರೂ.

ಇಲ್ಲಿಗೆ ಕಾಗದ ಮುಗಿಯಬೇಕಿತ್ತು. ಮುಗಿಯುವುದಿಲ್ಲ.

ಹೊನ್ನಳ್ಳಿ ಮೇಡಂ ಹೋದ ವಾರ ಮತ್ತೆ ಬಂದಳು. ಈ ಸಲ ಕಂಬ ಹಿಡಿಯಲಿಲ್ಲ. ಹೊಸ ನೋಟಿಸು ಒಂದೇ ಹಾಳೆ, ನನ್ನೊಬ್ಬಳ ಹೆಸರಿಗೆ. ಎಲ್ಲರಿಗಿಂತ ಹಿರಿಯಳು ನಾನು ಎಂದು.

"ಅಜ್ಜೀ, ನಿಮ್ಮ ಗೆರಿ ಒಳಗ ನಿಂತು ಕೇಳಾಕತ್ತೀನ್ರಿ ಈಗ. ಒಂದ ಪ್ರಶ್ನೆ. ಮುಂಗೈಯಾಗ ಸಿಂಬಿ ಕಂಡ್ರ ನೀವು ಸವಾಲ ಹಾಕೂದ ಬಿಡ್ತೀರೋ ಇಲ್ಲೋ? ಯಾರು, ಯಾಕ, ಅದೆಲ್ಲಾ ನಂಗ ಬ್ಯಾಡ."

ಸರಿಯಾದ ಪ್ರಶ್ನೆ. ಅವರ ಕೆಲಸಕ್ಕೆ ಬೇಕಾದದ್ದಷ್ಟೇ ಇದೆ, ಒಂದು ಎಳೆ ಹೆಚ್ಚಿಲ್ಲ. ಇದಕ್ಕೆ ಅವರ ಕಚೇರಿಯ ವಿಚಾರಣೆ ಕೋಣೆಯೊಳಗೆ ಕೂತು ಉತ್ತರ ಕೊಡಲೇಬೇಕು. ಹೌದು ಎನ್ನುವುದೇ ಸತ್ಯ. ಹೌದು ಎಂದರೆ ದಂಡ ಬೀಳಬಹುದು, ಬಾಯಿಕಟ್ಟು ನಿಲ್ಲಿಸಿ ಎನ್ನಬಹುದು. ಅಷ್ಟಿಷ್ಟು ಸಡಿಲ ಬಿಡುತ್ತಾರೆ ಎಂದು ಸೆಲಿನ್ ಹೇಳುತ್ತಾಳೆ. ಆ ಭಯ ನನಗಿಲ್ಲ. ಒಂದು ಸಿಂಬೆ ನಿಲ್ಲಿಸಿದರೆ ಹೆಂಗಸರು ಇನ್ನೊಂದು ದಾರಿ ಕಂಡುಕೊಳ್ಳುತ್ತಾರೆ.

ಭಯ ಪದ್ದುವಿನದು. ಅವಳು ನನ್ನ ಜಗಲಿಯಲ್ಲಿ ಕೂತು ಹೇಳಿದಳು: "ಗಿರ್ಜು, ನೀ ಒಳ್ಗ್ ಹೋಪುದ್ ಬೇಡ. ಒಂದ್ ಮಾತಿಗೆ ಬಾಯ್ ಬಿಟ್ರೆ ಎರಡ್ನೇದ್ ತನ್ನಿಂತಾನೇ ಬತ್ತ್. ಅವ್ರ್ ಕೇಣುವವ್ರ್, ನೀ ಸಿಟ್ಟಿನವ್ಳ್. ಸಿಟ್ಟ್ ಬಂದ್ರೆ ನಿನ್ ಬಾಯಿಗೆ ಬಾಗ್ಲಿತ್ತಾ?"

"ನಿನ್ ಸುದ್ದಿ ಹೇಳ್ತಿಲ್ಲೆ ಮಾರಾಯ್ತಿ" ಎಂದೆ.

"ಬೇಕಂದ್ ಹೇಳುದಿಲ್ಲ ನೀ. ಅದೇ ನಂಗೆ ಹೆದ್ರಿಕೆ."

ಅಂದಿನಿಂದ ಅವಳು ದಕ್ಕೆಗೆ ಬಂದರೂ ನನ್ನ ಪಕ್ಕ ನಿಲ್ಲುವುದಿಲ್ಲ. ನಾನು ಹೋಗದೆ ಇದ್ದರೆ ಗೆರೆಗೆ ಬೆಲೆಯಿಲ್ಲ. ಕೇಳುವವರು ಗೆರೆಯೊಳಗೆ ನಿಂತ ಮೇಲೂ ನಾವು ಓಡಿದರೆ, ನಾಳೆ ಗೆರೆ ಅಳಿಸಿ ಎಂದು ಅವರು ಹೇಳಿದಾಗ ನಮ್ಮ ಬಾಯಲ್ಲಿ ಮಾತಿರುವುದಿಲ್ಲ. ಹೋದರೆ ಅಟ್ಟದ ಮಗು ನನ್ನ ನಾಲಿಗೆಯ ತುದಿಯಲ್ಲಿ ಇರುತ್ತದೆ. ನನ್ನ ನಾಲಿಗೆ ಎಂಥದ್ದೆಂದು ನನಗೆ ಗೊತ್ತು.

ಅದಕ್ಕೆ ನಿಮ್ಮನ್ನು ಕೇಳುತ್ತಿದ್ದೇನೆ. ಕೋರ್ಟು ಗೆದ್ದ ಮೇಲೆ ನೀವೂ ಆ ಕೋಣೆಯೊಳಗೆ ಹೋಗಿ ಕೂತು ಐಸಿನ ಪ್ರಶ್ನೆಗೆ ಉತ್ತರ ಕೊಟ್ಟಿರಿ, ದಂಡ ಕಟ್ಟಿದಿರಿ. ಅಷ್ಟು ಸೆಲಿನಳಿಗೆ ಗೊತ್ತಿದೆ. ಕೋಣೆಯೊಳಗೆ ಏನಾಯಿತು ಎಂದು ಯಾರಿಗೂ ಗೊತ್ತಿಲ್ಲ. ಐಸಿನ ಮಾತು ಮುಗಿದ ಮೇಲೆ ನಿಮ್ಮನ್ನು ಅಲ್ಲಿಗೇ ಬಿಟ್ಟರೋ, ನಯವಾಗಿ ಇನ್ನೊಂದು ಕೇಳಿದರೋ? ಕೇಳಿದರೆ ನೀವು ನಿಂತಿರೋ? ಊರಿನ ಮಾತು ಒಂದಾದರೂ ಬಾಯಿ ಜಾರಿತೋ? ಇಷ್ಟು ಕೇಳುವುದು ಗೆರೆಯೊಳಗೇ ಇದೆ. ಯಾಕೆ ಕೇಳುತ್ತಿದ್ದೇನೆ ಎಂದು ಮೊದಲೇ ಹೇಳಿದ್ದೇನೆ.

ಕಾಗದದಲ್ಲಿ ಬರೆಯಬೇಡಿ, ಉಪ್ಪುನೀರು ತಿನ್ನುತ್ತದೆ. ಒಂದು ಹಂಚು ತೆಗೆದುಕೊಳ್ಳಿ, ಮೊಳೆಯಿಂದ ಆಳವಾಗಿ ಗೀಚಿ. ನಿಂತೆ ಅಥವಾ ಜಾರಿದೆ, ಎರಡರಲ್ಲಿ ಒಂದು. ಅಕ್ಷರ ದೊಡ್ಡದಿರಲಿ, ನನ್ನ ಕಣ್ಣು ಮಂಜು. ನಿಮ್ಮ ಕಾರ್ಖಾನೆಯ ಹೊಸ್ತಿಲುಗಲ್ಲಿನ ಅಡಿಯಲ್ಲಿ ಮುಖ ಕೆಳಗೆ ಮಾಡಿ ಇಡಿ. ಮುಂದಿನ ಸೋಣ ತಿಂಗಳ ಅಮಾವಾಸ್ಯೆಯ ದೊಡ್ಡ ಇಳಿತಕ್ಕೆ ನಾನು ಹಾರೆ ಹಿಡಿದು ಅಲ್ಲಿ ನಿಂತಿರುತ್ತೇನೆ, ಪದ್ದುವನ್ನೂ ಎಳೆದುಕೊಂಡು ಬರುತ್ತೇನೆ. ಮರುದಿನ ಬೆಳಿಗ್ಗೆ ನನಗೆ ಆ ಕೋಣೆಯೊಳಗೆ ಹೋಗಲಿಕ್ಕಿದೆ.

ನಿಮಗೆ ನೂರಕ್ಕಿಂತ ಹೆಚ್ಚು ವರ್ಷ ಸಮಯವಿದೆ, ಪುರುಸೊತ್ತಿರಲಿಲ್ಲ ಎನ್ನಬೇಡಿ. ಇಸವಿ 2187, ಸೋಣದ ಅಮಾವಾಸ್ಯೆಯ ಒಳಗೆ ಉತ್ತರ ಬರಬೇಕು.

ಗಿರ್ಜು ಮರಕಾಲ್ತಿ